ನಾನು ತೆಗೆದುಕೊಳ್ಳದ ಬನ್ನಿ ಎಲೆ

ಹೋದ ತಿಂಗಳು ಯಾದಗಿರಿಯಿಂದ ಹಳೆಯ ಸಹೋದ್ಯೋಗಿಯೊಬ್ಬರ ಫೋನ್ ಬಂತು. ನಿವೃತ್ತಳಾಗಿ ಮೂರು ವರ್ಷವಾದ ಮೇಲೆ ಕಚೇರಿಯವರು ಫೋನ್ ಮಾಡಿದರೆ ಒಂದೋ ಯಾರೋ ತೀರಿಕೊಂಡಿರುತ್ತಾರೆ, ಇಲ್ಲ ಯಾವುದೋ ಹಳೆಯ ಕಡತ ಸಿಗುತ್ತಿರುವುದಿಲ್ಲ. ಎರಡಕ್ಕೂ ತಯಾರಾಗಿಯೇ ಹಲೋ ಅಂದೆ. ಅವರು ಹೇಳಿದ್ದು ಬೇರೆ. ಹೊಸದಾಗಿ ಸೇರಿದ ಮೋಜಣಿದಾರರಿಗೆ ಹೊಲ ಅಳೆಯುವುದನ್ನು ಕಲಿಸಲು ಜಿಲ್ಲೆಯಲ್ಲಿ ಒಬ್ಬನನ್ನು ಆರಿಸಿದ್ದಾರಂತೆ, ಆ ಒಬ್ಬ ನಮ್ಮವನಂತೆ. "ನಿಮ್ಮ ತಮ್ಮ ಈಗ ಮಾಸ್ತರ ಆಗ್ಯಾನ್ರಿ ಮೇಡಂ," ಅಂದರು. ಫೋನಿಟ್ಟವಳೇ ಚಹಾಕ್ಕೆ ಎರಡು ಚಮಚ ಸಕ್ಕರೆ ಸುರಿದುಕೊಂಡು ಕುಡಿದೆ. ಹತ್ತು ವರ್ಷದಿಂದ ಶುಗರ್ ಗುಳಿಗೆ ನುಂಗುವವಳು ನಾನು. ಡಾಕ್ಟರು ಬೈದರೆ ಬೈಯಲಿ, ಇಂಥ ಸುದ್ದಿಗೆ ಸಪ್ಪೆ ಚಹಾ ಕುಡಿದರೆ ಅದು ಸುದ್ದಿಗೆ ಮಾಡಿದ ಅವಮಾನ.

ಅವನ ಹೆಸರು ಬರೆಯುವುದಿಲ್ಲ. ಕೇಳಿದರೆ ಅವನು ಬರೆಯಿರಿ ಅಂದಾನು, ಆದರೆ ಊರಿನ ಬಾಯಿ ನನಗೆ ಗೊತ್ತು. ಯಾವ ತಾಲ್ಲೂಕಿನ ಕಚೇರಿ ಎಂಬುದನ್ನೂ ಬಿಡುತ್ತೇನೆ, ಮುಂದೆ ಬರುವ ಊರುಗಳ ಹೆಸರನ್ನೂ ಬದಲಿಸಿದ್ದೇನೆ. ಅಲ್ಲಿ ನಾನು ದಾಖಲೆ ಕೋಣೆಯ ಗುಮಾಸ್ತೆ, ಅವನು ಹೊಲಗಳ ಹದ್ದು ಅಳೆದು ಕಲ್ಲು ನೆಡಿಸುವ ಮೋಜಣಿದಾರ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ತಮ್ಮ ಅಂತ ಕರೆದವನನ್ನು ಈಗ 'ಅವರು' ಅಂತ ಬರೆಯಲು ಕೈ ಒಪ್ಪುವುದಿಲ್ಲ.

ಮೊದಲ ದಿನ ಬಾಗಿಲ ಚೌಕಟ್ಟು ಹಿಡಿದು ನಿಂತು "ಬರಲೇನ್ರಿ?" ಅಂದ. ತನ್ನದೇ ಕಚೇರಿ, ಆದರೂ ಆ ಅಭ್ಯಾಸ ಹೋಗಲಿಲ್ಲ. ಬಾ ಅಂದ ನಮ್ಮ ಮಾತನ್ನು ಅವನು ಕೇಳುತ್ತಿರಲಿಲ್ಲ, ಮುಖ ನೋಡುತ್ತಿದ್ದ. ನನಗೆ ಮೊಣಕಾಲು ನೋವಿದ್ದು ಹುಬ್ಬು ಗಂಟಿಕ್ಕಿದ್ದರೂ ಅದು ತನ್ನ ಮೇಲಿನ ಸಿಟ್ಟು ಅಂದುಕೊಳ್ಳುವನು. ಅಂಥ ದಿನ ಸಂಜೆಯೊಳಗೆ ಏನಾದರೊಂದು ನೆಪ ತೆಗೆದು ಜಗಳ ಮಾಡಿಯೇ ಮನೆಗೆ ಹೋಗುವನು.

ಸೇರಿದ ವಾರದಲ್ಲೇ ನನ್ನ ಮೇಜಿನ ಮೇಲೆ ಹೊಸ ಫ್ಯಾನು ತಂದಿಟ್ಟ. ದಾಖಲೆ ಕೋಣೆಯಲ್ಲಿ ಗಾಳಿಯಾಡುವುದಿಲ್ಲ, ನಮ್ಮ ಕಡೆಯ ಬಿಸಿಲಿನ ಬಗ್ಗೆ ಹೇಳಬೇಕಾದ್ದೇ ಇಲ್ಲ. ನೀವು ನನಗೆ ತಾಯಿ ಸಮಾನ ಅಂದ, ನಾನೂ ಉಬ್ಬಿದೆ. ಹತ್ತನೇ ದಿನ ನಾನು ಇನ್ನೊಬ್ಬ ಮೋಜಣಿದಾರನ ಜೊತೆ ಚಹಾ ಕುಡಿದೆನೆಂದು ಮಾತು ಬಿಟ್ಟ. ಮೂರು ದಿನ ಮುಖ ತಿರುಗಿಸಿಕೊಂಡು ಓಡಾಡಿ, ನಾಲ್ಕನೇ ದಿನ ಎಲ್ಲರ ಮುಂದೆ ನನ್ನಂಥ ಮೋಸಗಾತಿ ಈ ಜಿಲ್ಲೆಯಲ್ಲಿ ಇಲ್ಲ ಅಂದ. ಫ್ಯಾನು ಮಾತ್ರ ವಾಪಸ್ ಒಯ್ಯಲಿಲ್ಲ. ನಾನು ಅದೇ ಗಾಳಿಯಲ್ಲಿ ಕೂತು ಅವನನ್ನು ಬಾಯಿಗೆ ಬಂದಂತೆ ಬೈದೆ.

"ನನಗ ನಡು ಅನ್ನೂದ ಇಲ್ರಿ ಮೇಡಂ," ಎಂದು ಒಮ್ಮೆ ಅವನೇ ಹೇಳಿದ್ದ. "ಒಂದು ಈ ದಂಡಿ, ಇಲ್ಲ ಆ ದಂಡಿ." ಇದೊಂದು ಚಂದದ ಮಾತು ಅಂತ ಎಲ್ಲರೂ ನಕ್ಕೆವು. ಅವನು ನಗಲಿಲ್ಲ, ಅದನ್ನು ನಾನು ಗಮನಿಸಿದ್ದೂ ಈಗ ನೆನಪಾಗುತ್ತದೆ.

ಕೆಲಸದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಉಳಿದವರು ಹೊಲವನ್ನು ಒಂದು ಕಡೆಯಿಂದ ಅಳೆದು ಬರೆದು ಏಳುತ್ತಿದ್ದರು. ಅವನು ಈ ತುದಿಯಿಂದ ಅಳೆದ ಮೇಲೆ ಆ ತುದಿಯಿಂದ ಮತ್ತೆ ಅಳೆಯುವನು, ಎರಡೂ ಕೂಡಿದರೆ ಮಾತ್ರ ಪೆನ್ನು ತೆಗೆಯುವನು. ವಡಗೇರಾ ಕಡೆ ಗಂಡ ತೀರಿಕೊಂಡ ಹೆಣ್ಣುಮಗಳೊಬ್ಬಳ ತುಂಡು ಹೊಲದ ಕಲ್ಲನ್ನು ಯಾರೋ ಮುಳ್ಳುಕಂಟಿಯಲ್ಲಿ ಹೂತಿದ್ದರು. ಅರ್ಧ ದಿನ ಬಿಸಿಲಲ್ಲಿ ಬಗ್ಗಿ, ಕೈಯೆಲ್ಲ ರಕ್ತ ಮಾಡಿಕೊಂಡು ಅದನ್ನು ಹುಡುಕಿ ತೆಗೆದ. ಅದೇ ಸಂಜೆ ಜೀಪು ಸ್ವಲ್ಪ ತಡವಾಗಿ ಬಂದದ್ದಕ್ಕೆ, ನನ್ನನ್ನು ಬೇಕಂತಲೇ ಬಿಟ್ಟು ಹೋಗಿದ್ದಿ ಅಂತ ಚಾಲಕನ ಕೊರಳಪಟ್ಟಿ ಹಿಡಿದ. ಎರಡೂ ಒಂದೇ ಕೈ, ಒಂದೇ ದಿನ.

ಜಗಳದ ಮರುದಿನ ಅವನು ಬನ್ನಿ ಎಲೆ ತರುತ್ತಿದ್ದ. ನಮ್ಮ ಕಡೆ ದಸರೆಯಲ್ಲಿ ಒಬ್ಬರಿಗೊಬ್ಬರು ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಅನ್ನುತ್ತೇವೆ, ಚಿಕ್ಕವರು ದೊಡ್ಡವರ ಕಾಲು ಮುಟ್ಟುತ್ತಾರೆ. ವರ್ಷಗಟ್ಟಲೆ ಮಾತು ಬಿಟ್ಟವರೂ ಆ ಎಲೆ ತೆಗೆದುಕೊಂಡರೆ ಜಗಳ ಮುಗಿಯಿತು. ಆಮೇಲೆ ಹಳೆಯದನ್ನು ಕೆದಕುವಂತಿಲ್ಲ, ಕೆದಕಿದವರೇ ಕೆಟ್ಟವರು. ಕಚೇರಿಯ ಹಿಂದೆಯೇ ಒಂದು ಬನ್ನಿ ಗಿಡವಿತ್ತು, ಅವನಿಗೆ ವರ್ಷವೆಲ್ಲ ದಸರೆ. ಆಷಾಢದಲ್ಲೂ ಕೊಟ್ಟ, ಯುಗಾದಿಗೂ ಕೊಟ್ಟ. ಕಣ್ಣು ಕೆಂಪಗೆ ಮಾಡಿಕೊಂಡು ಎಲೆ ಚಾಚುವವನನ್ನು ಯಾರು ಬೇಡ ಅಂದಾರು? ಚಾಲಕನೂ ತೆಗೆದುಕೊಂಡ, ನಾನೂ ತೆಗೆದುಕೊಂಡೆ. ತೆಗೆದುಕೊಂಡು ಬಾಯಿ ಮುಚ್ಚಿಕೊಂಡು, ಅವನು ಅತ್ತ ಹೋದಮೇಲೆ ತಲಿತಿರಕ, ಅಂದರೆ ತಲೆಕೆಟ್ಟವನು, ಅಂತ ನಗಾಡಿದೆವು. ಐದು ವರ್ಷ ನಾವು ಮಾಡಿದ್ದು ಇದನ್ನೇ. ನಮ್ಮ ದೊಡ್ಡತನ ಅಂದುಕೊಂಡಿದ್ದೆವು, ನಿಜ ಹೇಳಬೇಕೆಂದರೆ ಅದು ನಮ್ಮ ತಪ್ಪು. ಅವನಿಗೆ ಏನಾಗುತ್ತಿದೆ ಎಂದು ಕೇಳುವ ಬಾಗಿಲನ್ನೇ ಆ ಎಲೆ ಮುಚ್ಚಿಬಿಡುತ್ತಿತ್ತು.

ಅವನಿಗೆ ಇದ್ದವಳು ಒಬ್ಬಳೇ ಅಕ್ಕ. ತಂದೆ ತಾಯಿ ಬೇಗ ಹೋಗಿಬಿಟ್ಟಿದ್ದರು. ದೋರನಹಳ್ಳಿಯಲ್ಲಿ ಕೂಲಿ ಮಾಡಿ, ಕಂಡವರ ಹೊಲದ ಬದುವಿನಲ್ಲಿ ಸೀರೆಯ ಜೋಳಿಗೆ ಕಟ್ಟಿ, ಇವನನ್ನು ಅದರಲ್ಲಿ ಮಲಗಿಸಿ ಕಳೆ ಕಿತ್ತವಳು. ಅವಳ ದೆಸೆಯಿಂದ ಓದಿದ, ಅವಳ ದೆಸೆಯಿಂದ ನೌಕರಿಗೆ ಬಂದ. ದಿನಕ್ಕೆ ಹತ್ತು ಹನ್ನೆರಡು ಸಲ ಅವಳಿಗೆ ಫೋನ್ ಮಾಡುವನು. ಹೊಲದಲ್ಲಿದ್ದು ಅವಳು ಎತ್ತದಿದ್ದರೆ ಮಧ್ಯಾಹ್ನವೇ ಬಸ್ಸು ಹತ್ತಿ ದೋರನಹಳ್ಳಿಗೆ ಓಡುವನು, ಅವಳು ಬದುಕಿದ್ದಾಳೆ ಎಂದು ಕಂಡ ಕೂಡಲೇ, ಫೋನ್ ಯಾಕೆ ಎತ್ತಲಿಲ್ಲ ಎಂದು ಕೂಗಾಡುವನು. ಅವಳು ಎಲ್ಲ ತಡೆದುಕೊಂಡಳು.

ತಡೆದುಕೊಳ್ಳದ ದಿನವೂ ಬಂತು. ಅವಳ ಮಗಳ ನಿಶ್ಚಯಕ್ಕೆ ನಾನೂ ಹೋಗಿದ್ದೆ. ಬೀಗರ ಕಡೆಯ ಹೆಣ್ಣುಮಕ್ಕಳ ಉಪಚಾರದಲ್ಲಿ ಅಕ್ಕ ಮುಳುಗಿದ್ದಳು. ಇವನು ಬಂದದ್ದನ್ನು ನೋಡಿ, ಕುಂದ್ರು ಬಂದೆ ಅಂತ ಕೈ ಸನ್ನೆ ಮಾಡಿ ಒಳಗೆ ಹೋದಳು. ಅಷ್ಟೇ. ಅರ್ಧ ಗಂಟೆಯೊಳಗೆ ಇವನ ಮುಖದ ಬಣ್ಣ ಬದಲಾಗುವುದು ನನಗೆ ಕಾಣಿಸಿತು. ಎದ್ದು ಹೋಗಿ ಬೀಗರ ಮುಂದೆಯೇ ತಾಟು ಬೋರಲು ಹಾಕಿದ. ಸಾಕಿದ ನಾಯಿಗೂ ಇಂಥ ಗತಿ ಬರಬಾರದು, ನಿನಗೆ ದೊಡ್ಡ ಮಂದಿ ಸಿಕ್ಕರು, ನಿನ್ನ ಮಗಳ ಮದುವೆ ಮುರಿಯಲಿ ಅಂತ ಏನೇನೋ ಅಂದ. ಗಂಡಿನ ಕಡೆಯವರು ಎದ್ದು ನಿಂತರು. ಊರ ಹಿರಿಯರು ಅವರ ಕೈ ಹಿಡಿದು ಕೂರಿಸಿ ಹೇಗೋ ಕಾರ್ಯ ಉಳಿಸಿದರು. ಅಕ್ಕ ಅಳಲಿಲ್ಲ. ತಮ್ಮನ ಚಪ್ಪಲಿಯನ್ನು ತಾನೇ ತಂದು ಹೊಸ್ತಿಲ ಹೊರಗೆ ಇಟ್ಟಳು.

"ಇವತ್ತಿಗೆ ಮುಗೀತು," ಅಂದಳು. "ಇನ್ನ ಈ ಹೊಸ್ತಿಲ ತುಳೀಬ್ಯಾಡ."

ಅದು ಭಾನುವಾರ. ಸೋಮವಾರ ಬನ್ನಿ ಎಲೆ ಹಿಡಿದು ಹೋದವನಿಗೆ ಅವಳು ಬಾಗಿಲು ತೆಗೆಯಲಿಲ್ಲ. ಸಂಜೆ ಕಚೇರಿಗೆ ಬಂದು, ಎಲ್ಲ ಹೇಳಿಕೊಟ್ಟವಳು ನೀನೇ ಎಂದು ನನ್ನ ಮೇಲೆ ಹರಿಹಾಯ್ದು, ಮೇಜಿನ ಮೇಲಿದ್ದ ಕಡತಗಳನ್ನೆಲ್ಲ ನೆಲಕ್ಕೆ ಎಳೆದ. ಮಂಗಳವಾರ ಬೆಳಿಗ್ಗೆ ಮತ್ತೆ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದು ಎಲೆ ಮುಂದಿಟ್ಟು, ತಪ್ಪಾಯಿತು ಎಂದು ಕಾಲಿಗೆ ಬಗ್ಗಿದ. ಬಗ್ಗಿದಲ್ಲೇ ಸಣ್ಣ ದನಿಯಲ್ಲಿ, ಇನ್ನು ತಾನು ಇದ್ದರೆ ಯಾರಿಗೂ ಉಪಯೋಗವಿಲ್ಲ ಅಂದ. ಆ ಮಾತನ್ನು ಅವನು ಹಿಂದೆಯೂ ಅಂದಿದ್ದ, ಹೆದರಿಸುತ್ತಾನೆ ಎಂದು ನಾವು ತಳ್ಳಿಹಾಕಿದ್ದೆವು. ಅವತ್ತು ಅವನ ಮುಖ ನೋಡಿದೆ. ಹೆದರಿಸುವವನ ಮುಖ ಅಲ್ಲ ಅದು, ಹೆದರಿದವನ ಮುಖ.

"ಈ ಎಲೆ ನಾ ತಗೊಳ್ಳಂಗಿಲ್ಲ," ಅಂದೆ.

ಅವನು ಸುಣ್ಣದಂತೆ ಬಿಳುಚಿಕೊಂಡ. "ನೀವೂ ಬಿಟ್ರಿ," ಅಂದ.

"ಬಿಟ್ಟಿಲ್ಲೋ ತಮ್ಮ. ಬಿಟ್ಟಿದ್ರ ಇದನ್ನ ತಗೊಂಡು ಸುಮ್ಮ ಕುಂದರತಿದ್ದೆ. ತಗೊಂಡ್ರ ನೀ ಏನೂ ಹೇಳಂಗಿಲ್ಲ, ನಾ ಏನೂ ಕೇಳಂಗಿಲ್ಲ. ನಡಿ, ಇವತ್ತ ಕೇಳೂ ಮಂದಿ ಹತ್ರ ಹೋಗೂಣು."

ಎಲ್ಲಿಂದ ಆ ಧೈರ್ಯ ಬಂತೋ ನನಗೇ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟು: ಶುಗರ್ ಗುಳಿಗೆಗೆ ಹೋದಾಗಲೆಲ್ಲ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಒಂದು ಬೋರ್ಡು ನೋಡುತ್ತಿದ್ದೆ. ಮಂಗಳವಾರ ಮನೋವೈದ್ಯರು ಬರುತ್ತಾರೆ ಅಂತ ಬರೆದಿತ್ತು. ದಾಖಲೆ ಕೋಣೆಗೆ ಬೀಗ ಹಾಕಿ, ರಜೆ ಚೀಟಿಯನ್ನೂ ಬರೆಯದೆ ಅವನನ್ನು ಕರೆದುಕೊಂಡು ಹೊರಟೆ. ದಾರಿಯಲ್ಲಿ ಯಾರಾದರೂ ನೋಡಿದರೆ ಎಂದು ಅವನಿಗೆ ಚಿಂತೆ, ನನ್ನ ಮೊಣಕಾಲು ನೋವಿಗೆ ಬಂದಿದ್ದೇವೆ ಅಂತ ಹೇಳೋಣ ಅಂದೆ. ಅಲ್ಲಿಯ ವೈದ್ಯರು ಮೊದಲು ಅವನ ಬಾಯಿಂದಲೇ ಸಾವಿನ ಯೋಚನೆಯ ಮಾತನ್ನು ನೇರವಾಗಿ ಕೇಳಿ ತಿಳಿದುಕೊಂಡರು, ಆ ವಾರ ಒಬ್ಬನೇ ಇರಕೂಡದು ಅಂದರು. ಎಂಟು ದಿನ ಅವನು ನಮ್ಮ ಮನೆಯ ಪಡಸಾಲೆಯಲ್ಲಿ ಮಲಗಿದ. ನಮ್ಮ ಯಜಮಾನರು ಅವನ ಜೊತೆ ಚೌಕಾಬಾರ ಆಡಿ ಆಡಿ ಸೋತರು.

ಒಂದೇ ಸಲಕ್ಕೆ ಯಾರೂ ಹಣೆಪಟ್ಟಿ ಹಚ್ಚಲಿಲ್ಲ. ನಾಲ್ಕಾರು ಮಂಗಳವಾರ ಹೋಗಿ ಬಂದ ಮೇಲೆ ಅಲ್ಲಿಯ ಆಪ್ತಸಮಾಲೋಚಕಿ, ಸಣ್ಣ ವಯಸ್ಸಿನ ಹೆಣ್ಣುಮಗಳು, ನಮ್ಮಿಬ್ಬರನ್ನೂ ಕೂರಿಸಿ ಹೇಳಿದಳು. ಇದಕ್ಕೆ ವ್ಯಕ್ತಿತ್ವದ ತೊಂದರೆ ಅನ್ನುತ್ತಾರೆ, ಇದರಲ್ಲಿ ಹಲವು ಬಗೆಗಳಿವೆ. ಇವರದು ಭಾವನೆ ಬೇಗ ಏರಿ ತಡವಾಗಿ ಇಳಿಯುವ ಬಗೆ, ಜನ ಬಿಟ್ಟು ಹೋಗುತ್ತಾರೆಂಬ ಭಯವೇ ಇದರ ಬೇರು. ಅವನು ಹಲ್ಲು ಕಚ್ಚಿ, ಹಾಗಾದರೆ ನಾನು ಹುಚ್ಚನೇ ಅಂತ ಕೇಳಿದ. ಅವಳು ನಗುತ್ತಲೇ ಹೇಳಿದಳು, ಉರಿ ಎಲ್ಲರ ಮನೆಯಲ್ಲೂ ಒಂದೇ, ನಿಮ್ಮ ಪಾತ್ರೆ ಸಣ್ಣದು, ಹಾಲು ಬೇಗ ಉಕ್ಕುತ್ತದೆ, ಉಕ್ಕಿದ ಹಾಲಿಗೆ ಹುಚ್ಚು ಅನ್ನುವುದಿಲ್ಲ, ಸೊಕ್ಕು ಅಂತಲೂ ಅನ್ನುವುದಿಲ್ಲ. ಗುಳಿಗೆಯಿಂದ ನಿದ್ದೆಗೆ, ಕಳವಳಕ್ಕೆ ಸ್ವಲ್ಪ ಸಹಾಯವಾದೀತು, ಆದರೆ ಮುಖ್ಯ ಔಷಧ ಮಾತು ಮತ್ತು ಅಭ್ಯಾಸ, ವಾರ ವಾರ ಬರಬೇಕು, ವರ್ಷಗಳೇ ಹಿಡಿದರೂ ಬಹಳ ಮಂದಿ ಇದರಿಂದ ಮೇಲೆ ಬರುತ್ತಾರೆ ಅಂದಳು. ಆ ಕೊನೆಯ ಮಾತನ್ನು ಅವನು ಎರಡು ಸಲ ಹೇಳಿಸಿಕೊಂಡ.

ಅಕ್ಕನಿಗೆ ಹೋಗುತ್ತಿದ್ದ ಫೋನುಗಳು ಈಗ ನನಗೆ ಬರುತ್ತಿದ್ದವು, ಆ ಬಗ್ಗೆ ಸಮಾಲೋಚಕಿಯಿಂದ ನನಗೂ ಪಾಠವಾಯಿತು. ಹನ್ನೆರಡು ಫೋನಿಗೂ ಓಗೊಡಬೇಡಿ, ಒಂದಕ್ಕೂ ಓಗೊಡದೆ ಇರಲೂಬೇಡಿ ಅಂದಳು. ಏಳು ಗಂಟೆಗೆ ಮಾಡುತ್ತೇನೆ ಅಂದರೆ ಏಳಕ್ಕೇ ಮಾಡಿ. ಸಿಟ್ಟಿನಲ್ಲಿದ್ದಾಗ ವಾದ ಬೇಡ, ಸಿಟ್ಟು ಇಳಿದ ಮೇಲೆ ಆದದ್ದನ್ನು ಮುಚ್ಚಲೂ ಬೇಡ. ನಲವತ್ತು ವರ್ಷ ಸಂಸಾರ ಮಾಡಿದ ನನಗೆ ಯಾರೂ ಇಷ್ಟು ಕೆಲಸಕ್ಕೆ ಬರುವ ಮಾತು ಹೇಳಿರಲಿಲ್ಲ. ಮನೆಯಲ್ಲೂ ಪ್ರಯೋಗ ಮಾಡಿದೆ, ಯಜಮಾನರು ಬೆರಗಾದರು.

ದಾರಿ ನೆಟ್ಟಗಿರಲಿಲ್ಲ. ಮೊದಲ ಮೂರು ತಿಂಗಳು ಆ ಸಮಾಲೋಚಕಿ ಅವನಿಗೆ ದೇವತೆ. ನಾಲ್ಕನೇ ತಿಂಗಳು ಅವಳು ಹೆರಿಗೆಯಾದ ತಂಗಿಯನ್ನು ನೋಡಲು ಎರಡು ವಾರ ರಜೆಯ ಮೇಲೆ ಹೋದಳು, ಕೂಡಲೇ ದೇವತೆ ರಾಕ್ಷಸಿಯಾದಳು. ಇನ್ನು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ ಅಂದ. ನಾನು ವಾದ ಮಾಡಲಿಲ್ಲ. ಅವಳು ಮರಳಿದ ಮಂಗಳವಾರ ಹತ್ತು ಗಂಟೆಗೆ ಕೊಡೆ ಹಿಡಿದು, ನಾನು ನನ್ನ ಗುಳಿಗೆಗೆ ಹೋಗುತ್ತಿದ್ದೇನೆ, ಬರುವುದಾದರೆ ಬಾ ಅಂತ ಹೇಳಿ ನಡೆದೆ. ಗೇಟಿನ ತನಕ ತಿರುಗಿ ನೋಡಲಿಲ್ಲ, ಹಿಂದೆ ಚಪ್ಪಲಿ ಸದ್ದು ಕೇಳುತ್ತಿತ್ತು. ಅವಳ ಮುಂದೆ ಕೂತು ತನ್ನ ಸಿಟ್ಟನ್ನೆಲ್ಲ ಹೇಳಿದ, ಅವಳು ಕೇಳಿಸಿಕೊಂಡಳು, ಬಿಟ್ಟು ಹೋಗಲಿಲ್ಲ. ಒಬ್ಬರ ಮೇಲೆ ಸಿಟ್ಟು ಮಾಡಿಕೊಂಡರೂ ಮುಂದಿನ ವಾರ ಅವರು ಅದೇ ಕುರ್ಚಿಯಲ್ಲಿ ಇರುತ್ತಾರೆ ಎಂಬುದು ಅವನಿಗೆ ಹೊಸ ಸುದ್ದಿ.

ಸಿಟ್ಟು ಬಂದಾಗ ಬರೆದಿಡಲು ಅವಳು ಹೇಳಿದ್ದಳು. ಅವನು ಮೋಜಣಿಯವನಲ್ಲವೇ, ತನ್ನದೇ ಪದ್ಧತಿ ಮಾಡಿಕೊಂಡ. ಚಿಕ್ಕ ಪುಸ್ತಕದ ಎಡಕ್ಕೆ ತನಗೆ ಅನಿಸಿದ್ದು, ಬಲಕ್ಕೆ ಎದುರಿನವರಿಗೆ ಅನಿಸಿರಬಹುದಾದದ್ದು. "ಹೊಲಾನ ಎರಡೂ ಕಡಿಂದ ಅಳೀತಿದ್ದೆ, ಮಂದೀನ ಒಂದ ಕಡಿಂದ ಅಳದು ಕಲ್ಲು ನೆಟ್ಟುಬಿಡ್ತಿದ್ದೆ ನೋಡ್ರಿ," ಅಂದ ಒಂದು ದಿನ. ಅವತ್ತು ನನಗೆ ಇವನು ಗೆಲ್ಲುತ್ತಾನೆ ಅನ್ನಿಸಿತು.

ಅಕ್ಕ ಮಾತ್ರ ಕರಗಿರಲಿಲ್ಲ. ಮಗಳ ಮದುವೆಗೂ ಇವನನ್ನು ಕರೆಯಲಿಲ್ಲ. ಮನೆಯವರು ಯಾರಾದರೂ ಜೊತೆಗೆ ಬಂದರೆ ಒಳ್ಳೆಯದು ಅಂತ ಸಮಾಲೋಚಕಿ ಅಂದದ್ದಕ್ಕೆ ನಾನು ದೋರನಹಳ್ಳಿಗೆ ಹೋಗಿ ಅವಳ ಕಟ್ಟೆಯ ಮೇಲೆ ಕೂತೆ. ಅವಳು ಬೆಲ್ಲ ನೀರು ಕೊಟ್ಟಳು, ಎಲ್ಲ ಕೇಳಿದಳು, ಆಮೇಲೆ ಹೇಳಿದಳು:

"ಅವನ ಮಾತು ನಾ ಭಾಳ ಕೇಳೀನ್ರಿ. ಇನ್ನ ಕೇಳೂದಿಲ್ಲ. ಕಣ್ಣಿಲೆ ನೋಡಿದ ದಿನ ನೋಡೂಣು."

ಅವಳನ್ನು ಒತ್ತಾಯ ಮಾಡಲು ನನಗೆ ಬಾಯಿ ಬರಲಿಲ್ಲ. ದಣಿದವಳಿಗೂ ದಣಿವಾರಿಸಿಕೊಳ್ಳುವ ಹಕ್ಕಿದೆ ಅಂತ ಸಮಾಲೋಚಕಿಯೂ ಹೇಳಿದಳು. ಅವನಿಗೂ ಅಕ್ಕನ ಮಾತನ್ನು ಹಾಗೆಯೇ ಹೇಳಿದೆ. ಫೋನ್ ಮಾಡಲಿಲ್ಲ, ಬಸ್ಸು ಹತ್ತಲಿಲ್ಲ. ಅವನಿಗೆ ಅದೆಷ್ಟು ಕಷ್ಟದ ಕೆಲಸವೆಂದು ನೋಡಿದ ನನಗೆ ಗೊತ್ತು. ಎಲ್ಲವನ್ನೂ ಕಲಿತು ಅಕ್ಕನೇ ಸಿಗದಿದ್ದರೆ ಏನು ಬಂತು ಎಂದು ಒಮ್ಮೆ ಕೇಳಿದ. ಗೊತ್ತಿಲ್ಲ ಅಂತಲೇ ಹೇಳಿದೆ. ಹೀಗೆ ಎರಡು ವರ್ಷ ಕಳೆದವು.

ಹತ್ತಿ ಬಿಡಿಸುವ ಕಾಲ. ದೋರನಹಳ್ಳಿಯ ಇಬ್ಬರು ಅಣ್ಣತಮ್ಮಂದಿರ ಹೊಲದ ತಕರಾರು, ಅಳೆಯಲು ಇವನಿಗೇ ಆದೇಶವಾಯಿತು. ಹಳೆಯ ಮೂಲ ದಾಖಲೆ ಎದುರಿಗೇ ತೋರಿಸಬೇಕೆಂದು ಅವರು ಹಟ ಹಿಡಿದದ್ದರಿಂದ, ಅದನ್ನು ಹೊತ್ತು ನಾನೂ ಜೀಪಿನಲ್ಲಿ ಹೋದೆ. ಬದುವಿನಾಚೆಯ ಹೊಲದಲ್ಲಿ ಹೆಂಗಸರು ಸಾಲಾಗಿ ಹತ್ತಿ ಬಿಡಿಸುತ್ತಿದ್ದರು. ಮೂರನೆಯ ಸಾಲಿನಲ್ಲಿ ಅಕ್ಕ ಇದ್ದಳು. ನಾನು ನೋಡಿದೆ, ಅವನೂ ನೋಡಿದ. ಟೇಪು ಬಿಚ್ಚಿ ಕೆಲಸ ಶುರು ಮಾಡಿದ.

ಅರ್ಧ ಅಳತೆಯಾಗುವಷ್ಟರಲ್ಲಿ ಆ ಇಬ್ಬರಲ್ಲಿ ತಮ್ಮನಾದವನಿಗೆ ತಾಳ್ಮೆ ತಪ್ಪಿತು. ಅಣ್ಣನ ಕಡೆ ಸೇರಿಕೊಂಡಿದ್ದಿ ಅಂತ ಕೂಗಿದ. ಅದೇ ಊರಿನವನು, ಎಲ್ಲ ಗೊತ್ತಿದ್ದವನು. ಸ್ವಂತ ಅಕ್ಕನೇ ಚಪ್ಪಲಿ ಹೊರಗಿಟ್ಟು ಓಡಿಸಿದ ತಲಿತಿರಕ ನೀನು, ನೀನೇನು ನನ್ನ ಹೊಲ ಅಳೆಯುತ್ತಿ ಅಂದುಬಿಟ್ಟ. ಹತ್ತಿ ಸಾಲಿನಲ್ಲಿ ಎಲ್ಲರ ಕೈಗಳೂ ನಿಂತವು. ನಾನು ದಾಖಲೆಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದೆ. ಇನ್ನೇನು ಕೊರಳಪಟ್ಟಿಗೆ ಕೈ ಹೋಯಿತು, ಎಲ್ಲ ಮುಗಿಯಿತು ಅಂದುಕೊಂಡೆ.

"ಅಣ್ಣಾರ," ಅಂದ ಅವನು. "ನನಗ ಸಿಟ್ಟು ಬಂದದ. ಭಾಳ ಬಂದದ. ಹತ್ತು ನಿಮಿಷ ಆ ಗಿಡದ ಕೆಳಗ ಕುಂತು ಬರ್ತೀನಿ. ನಾ ಎಲ್ಲೂ ಹೋಗಂಗಿಲ್ಲ, ನೀವೂ ಹೋಗಬ್ಯಾಡ್ರಿ."

ಟೇಪನ್ನು ಮೆಲ್ಲಗೆ ನೆಲಕ್ಕಿಟ್ಟು, ಬೇವಿನ ಗಿಡದ ಕೆಳಗೆ ಹೋಗಿ ಕೂತ. ಬಾಟಲಿಯ ನೀರಿನಿಂದ ಮುಖ ತೊಳೆದುಕೊಂಡ. ಎರಡೂ ಅಂಗಾಲು ನೆಲಕ್ಕೂರಿ ಉದ್ದಕ್ಕೆ ಉಸಿರು ಬಿಟ್ಟ. ಪುಸ್ತಕ ತೆಗೆದು ಏನೋ ಬರೆದ. ಬೈದವನು ಬಾಯಿ ತೆರೆದು ನಿಂತೇ ಇದ್ದ. ಅಂಥ ಮಾತಿಗೆ ಹೊಡೆದಾಟ ಗೊತ್ತು, ಇದು ಏನೆಂದು ಅವನಿಗೆ ಗೊತ್ತಾಗಲಿಲ್ಲ. ಹತ್ತು ನಿಮಿಷಕ್ಕೆ ನಮ್ಮವನು ಎದ್ದು ಬಂದು, ಈಗ ಹೇಳಿ, ಯಾವ ಕಲ್ಲಿನ ಮೇಲೆ ನಿಮ್ಮ ಅನುಮಾನ ಅಂತ ಕೇಳಿ ಆ ತುದಿಯಿಂದ ಮತ್ತೆ ಅಳೆದ. ಎರಡು ಸಲ ಅಳೆದ. ಅಣ್ಣನೇ ಎರಡೂವರೆ ಅಡಿ ಒತ್ತಿದ್ದ. ಬೈದವನ ಮಾತೇ ಸರಿಯಿತ್ತು.

ತನ್ನನ್ನು ಬೈದವನ ಹೊಲಕ್ಕೆ ಆ ಎರಡೂವರೆ ಅಡಿಯನ್ನು ಸೇರಿಸಿ, ಅವನ ಎದುರಿಗೇ ಕಲ್ಲು ನೆಡಿಸಿದ. ಆ ಮನುಷ್ಯ ಟವೆಲಿನಿಂದ ಮುಖ ಒರೆಸಿಕೊಂಡು, ತಪ್ಪಾಯಿತ್ರಿ ಸಾಹೇಬ್ರ, ಬಾಯಿ ಜಾರಿತು ಅಂದ. ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಮೊಣಕಾಲಿನ ದೆಸೆಯಿಂದ ಕುಣಿಯಲಿಲ್ಲ.

ಅಷ್ಟರಲ್ಲಿ ಅಕ್ಕ ಉಡಿ ತುಂಬ ಹತ್ತಿ ಕಟ್ಟಿಕೊಂಡೇ ಬದು ದಾಟಿ ಬಂದಳು. ಅವನು ಎದುರು ಹೋಗಲಿಲ್ಲ, ಕಾಲಿಗೆ ಬೀಳಲಿಲ್ಲ. ನಿಂತಲ್ಲೇ ನಿಂತ. ಅವಳು ಅವನ ಮುಖ ನೋಡಿದಳು.

"ನಿನ್ನ ಸಿಟ್ಟು ನೀ ಹುಟ್ಟಿದಾಗಿಂದ ನೋಡೀನಿ," ಅಂದಳು. "ನೀ ಅದನ್ನ ಕುಂದ್ರಿಸಿದ್ದು ಇವತ್ತ ನೋಡಿದೆ. ಭಾನುವಾರ ಮಗಳ ಕೂಸಿಗೆ ಹೆಸರಿಡೂದದ. ಮಂದಿ ಬರೂಕಿಂತ ಮೊದಲ ಬಾ."

"ಎಷ್ಟ ಗಂಟೇಕ ಬರ್ಲಿ, ಯಕ್ಕಾ?" ಅಂತ ಕೇಳಿದ.

ಎಂಟಕ್ಕೆ ಅಂತ ಹೇಳಿ ಅವಳು ಸಾಲಿಗೆ ಮರಳಿದಳು. ಅವನು ಅಣ್ಣತಮ್ಮಂದಿರ ಸಹಿ ಹಾಕಿಸಿಕೊಂಡು, ಟೇಪು ಸುತ್ತಿ, ಜೀಪು ಹತ್ತಿದ ಮೇಲೆ ಅತ್ತ. ನಾನೂ ಅತ್ತೆ. ಚಾಲಕ ನಮ್ಮಿಬ್ಬರನ್ನು ನೋಡಿ ರೇಡಿಯೋ ದೊಡ್ಡದು ಮಾಡಿದ.

ಭಾನುವಾರ ಆ ಮನೆಗೆ ನಾನೂ ಹೋಗಿದ್ದೆ. ಕೂಸನ್ನು ತೊಟ್ಟಿಲಿಗೆ ಹಾಕುವುದು ನಮ್ಮಲ್ಲಿ ಹೆಂಗಸರ ಕೆಲಸ, ಮುತ್ತೈದೆಯರು ತೊಟ್ಟಿಲ ಸುತ್ತ ಸೇರಿ ಕೈ ಚಾಚಿದ್ದರು. ಅಕ್ಕ ಅವರನ್ನೆಲ್ಲ ಸರಿಸಿ, ಬೀಗರು ನೋಡುತ್ತಿರುವಂತೆಯೇ, ಇಪ್ಪತ್ತು ದಿನದ ಆ ಕೂಸನ್ನು ತಮ್ಮನ ಕೈಯಲ್ಲಿ ಇಟ್ಟಳು.